ಕೈಚಾಲಿತ ಎಸ್ಪ್ರೆಸೊ ಯಂತ್ರ: ಕೊಳ್ಳುವ ಮುನ್ನ, ಕೊಂಡ ಮೇಲೆ

ಮನೆಯಲ್ಲಿ ಎಸ್ಪ್ರೆಸೊ, ಅಂದರೆ ಬಿಸಿನೀರನ್ನು ಒತ್ತಡದಿಂದ ಪುಡಿಯ ಮೂಲಕ ಹಾಯಿಸಿ ಇಳಿಸುವ ಗಟ್ಟಿ ಕಾಫಿ, ಮಾಡಿಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಯಂತ್ರದ ಮೇಲೆ. ಆದರೆ ಕೈಯಲ್ಲಿರುವ ಹಣ ಮಿತವಾಗಿದ್ದರೆ ಯಂತ್ರವನ್ನು ಕಡೆಗೆ ನಿರ್ಧರಿಸುವುದೇ ಒಳ್ಳೆಯದು; ಕಾಫಿಬೀಜ ಪುಡಿಮಾಡುವ ಗ್ರೈಂಡರ್ ಯಾವುದು, ಮನೆಯಲ್ಲಿ ಹಾಲು ಎಷ್ಟು ಬೇಕು, ನೀರು ಕಾಯಿಸುವುದು ಯಾವುದರಲ್ಲಿ, ಅಡುಗೆಮನೆಯ ಕಟ್ಟೆ ಎಷ್ಟು ಎತ್ತರವಿದೆ ಎಂಬುದೆಲ್ಲ ಅದಕ್ಕೆ ಮೊದಲೇ ತೀರ್ಮಾನವಾಗಬೇಕು. ಹಲವು ತಿಂಗಳು ವಿಚಾರಿಸಿ, ಕಾದು, ಮಾರಾಟಗಾರರೊಂದಿಗೆ ಪತ್ರವ್ಯವಹಾರ ನಡೆಸಿ, ಕೈಯಿಂದ ಹಿಡಿಕೆ ಒತ್ತಿ ಕಾಫಿ ಇಳಿಸುವ ಯಂತ್ರವೊಂದನ್ನು ಈಗ ತಂದುಕೊಂಡಿದ್ದೇನೆ. ವಿವರಗಳು ಮಾಸುವ ಮೊದಲೇ ಬರೆದಿಟ್ಟರೆ ಇದೇ ದಾರಿ ಹಿಡಿಯುವವರಿಗೆ ಅಲೆದಾಟ ಕಡಿಮೆಯಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಅದುವರೆಗೆ ನನ್ನ ಬಳಿ ಇದ್ದದ್ದು ಒಲೆಯ ಮೇಲಿಡುವ ಮೋಕಾ ಪಾಟ್. ಅದರಲ್ಲಿ ಬರುವುದು ಗಟ್ಟಿಯಾದ, ರುಚಿಯಾದ ಕಾಫಿಯೇ ಆದರೂ ಎಸ್ಪ್ರೆಸೊ ಅಲ್ಲ. ಪಾತ್ರೆಯೊಳಗಿನ ಹಬೆ ನೀರನ್ನು ಮೇಲಕ್ಕೆ ತಳ್ಳುವ ಒತ್ತಡ ಒಂದೆರಡು ಬಾರ್‌ಗಿಂತ ಹೆಚ್ಚಿರುವುದಿಲ್ಲ. ಎಸ್ಪ್ರೆಸೊಗೆ ಬೇಕಾದದ್ದು ಸುಮಾರು 9 ಬಾರ್. ಜೊತೆಗೆ ನೀರು 90ರಿಂದ 96 ಡಿಗ್ರಿ ಸೆಲ್ಸಿಯಸ್‌ನ ಒಳಗಿರಬೇಕು, ಪುಡಿ ನುಣ್ಣಗಿದ್ದೂ ಒಂದೇ ಸಮನಾಗಿರಬೇಕು, 18 ಗ್ರಾಂ ಪುಡಿಯಿಂದ 36 ಗ್ರಾಂನಷ್ಟು ಪಾನೀಯ 25–30 ಸೆಕೆಂಡಿನಲ್ಲಿ ಇಳಿಯಬೇಕು. ಈ ಅಂಕಿಗಳು ಶಾಸನವೇನಲ್ಲ. ಅನುಭವಿಗಳು ಬೇಕೆಂದೇ ಇವುಗಳನ್ನು ಮೀರುತ್ತಾರೆ. ಆದರೂ ಹೊಸಬರಿಗೆ ಅಳತೆಗೋಲು ಇವೇ, ಮತ್ತು ಯಾವ ಯಂತ್ರದ ಮುಂದೆ ನಿಂತರೂ ಇವುಗಳಲ್ಲಿ ಯಾವುದನ್ನು ಅದು ತಾನೇ ಮಾಡುತ್ತದೆ, ಯಾವುದನ್ನು ನನ್ನ ಕೈಗೆ ಬಿಡುತ್ತದೆ ಎಂದು ಕೇಳಿಕೊಳ್ಳಲು ಇವು ಸಾಕು.

ಆ ಪ್ರಶ್ನೆಯೇ ಮುಂದೆ ನನ್ನ ಇಡೀ ಹುಡುಕಾಟವನ್ನು ನಡೆಸಿತು. ಅಗ್ಗದ ಯಂತ್ರ ಪುಕ್ಕಟೆಯಾಗಿ ಅಗ್ಗವಾಗುವುದಿಲ್ಲ. ಒಂದೋ ಅದು ಯಾವುದೋ ಕೆಲಸವನ್ನು ಬಳಸುವವನಿಗೆ ಬಿಟ್ಟಿರುತ್ತದೆ, ಇಲ್ಲವೇ ಆ ಕೆಲಸವನ್ನು ಅರೆಬರೆಯಾಗಿ ಮಾಡಿ ಮುಗಿಸಿದಂತೆ ತೋರಿಸುತ್ತದೆ. ಮೊದಲನೆಯ ಬಗೆಯದರೊಂದಿಗೆ ಹೊಂದಿಕೊಳ್ಳಬಹುದು, ಏಕೆಂದರೆ ಬಿಟ್ಟ ಕೆಲಸ ಯಾವುದೆಂದು ಕಣ್ಣಿಗೆ ಕಾಣುತ್ತದೆ. ಎರಡನೆಯದರಲ್ಲಿ ಕಾಫಿ ಕೆಟ್ಟಾಗ ತಪ್ಪು ಎಲ್ಲಿದೆಯೆಂದು ಹುಡುಕಲು ದಾರಿಯೇ ಇರುವುದಿಲ್ಲ.

ಈ ಎರಡನೆಯ ಬಗೆಯ ಪರಿಚಯ ಅಂಗಡಿಗಳಲ್ಲಿಯೇ ಆಯಿತು. ಕಡಿಮೆ ಬೆಲೆಯ ವಿದ್ಯುತ್ ಯಂತ್ರಗಳ ಡಬ್ಬಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ 15 ಬಾರ್ ಎಂದೋ 20 ಬಾರ್ ಎಂದೋ ಅಚ್ಚಾಗಿರುತ್ತದೆ. ಅದು ಒಳಗಿನ ಸಣ್ಣ ಪಂಪು, ನೀರು ಹರಿಯಲು ದಾರಿಯೇ ಇಲ್ಲದಂತೆ ತಡೆದಾಗ ಮುಟ್ಟಬಲ್ಲ ಗರಿಷ್ಠ ಒತ್ತಡವೇ ಹೊರತು ಕಾಫಿಯ ಮೇಲೆ ಬೀಳುವ ಒತ್ತಡವಲ್ಲ. ಕಾಫಿಗೆ 9 ಬಾರ್ ಸಾಕಾಗಿರುವುದರಿಂದ ಹೆಚ್ಚಿನ ಅಂಕಿಯಿಂದ ಲಾಭವೂ ಇಲ್ಲ. ಈ ಯಂತ್ರಗಳ ಜೊತೆ ಸಾಮಾನ್ಯವಾಗಿ ಬರುವುದು ಎರಡು ಗೋಡೆಯ ಬಾಸ್ಕೆಟ್, ಅಂದರೆ ಪುಡಿ ತುಂಬುವ ತೂತಿನ ಬಟ್ಟಲು. ಅಂಗಡಿಯವರು ಕೇಳಿದ ಕೂಡಲೇ ಅದನ್ನು ಹೊರತೆಗೆದು ಕೈಗೆ ಕೊಟ್ಟರು. ಒಳಗಿನ ತಳದಲ್ಲಿ ನೂರಾರು ತೂತುಗಳಿದ್ದವು. ತಿರುಗಿಸಿ ಬೆಳಕಿಗೆ ಹಿಡಿದರೆ ಹೊರಗಿನ ತಳದ ನಡುವೆ ಸೂಜಿಮೊನೆಯಷ್ಟು ದೊಡ್ಡದಾದ ಒಂದೇ ಒಂದು ತೂತು. ಒತ್ತಡ ಹುಟ್ಟುವುದು ಆ ತೂತಿನಿಂದ, ಪುಡಿಯಿಂದಲ್ಲ. ಹಾಗಾಗಿ ಪುಡಿ ದಪ್ಪಗಿದ್ದರೂ, ಹಳೆಯದಾಗಿದ್ದರೂ ಮೇಲೆ ನೊರೆ ಬಂದೇ ಬರುತ್ತದೆ. ಅಂಗಡಿಯಲ್ಲಿ ಪುಡಿ ಮಾಡಿಸಿದ ಕಾಫಿಯನ್ನೇ ಬಳಸುತ್ತೇವೆ, ಹಾಲು ಬೆರೆಸಿಯೇ ಕುಡಿಯುತ್ತೇವೆ ಎನ್ನುವವರಿಗೆ ಇದು ಅನುಕೂಲವೇ. ಅಂಥವರು ಈ ಬರಹವನ್ನು ಇಲ್ಲಿಗೇ ಬಿಟ್ಟು ಅದನ್ನೇ ಕೊಂಡರೆ ಅವರಿಗೆ ನಷ್ಟವಿಲ್ಲ. ನನಗೆ ಬೇಕಾದದ್ದು ಪುಡಿಯ ಹದ ಬದಲಿಸಿದಾಗ ರುಚಿಯೂ ಬದಲಾಗುವ ಯಂತ್ರ. ಒಂದೇ ಗೋಡೆಯ ಬಾಸ್ಕೆಟ್ಟನ್ನು ಬೇರೆಯಾಗಿ ಕೊಂಡು ಈ ಸಣ್ಣ ಯಂತ್ರಗಳನ್ನೂ ಹಾಗೆ ಮಾಡಿಕೊಳ್ಳಬಹುದು. ಆದರೆ ಬಾಸ್ಕೆಟ್ ಕೂರಿಸುವ ಹಿಡಿಕೆಯ ಭಾಗವಾದ ಪೋರ್ಟಾಫಿಲ್ಟರ್ ಅವುಗಳಲ್ಲಿ ಹಲವು ಸಲ 51 ಮಿಲಿಮೀಟರ್‌ನದು, ಕೆಲವು ಕಂಪನಿಗಳದ್ದು 54. ವೃತ್ತಿಪರ ಯಂತ್ರಗಳಲ್ಲಿ ಬಳಕೆಯಲ್ಲಿರುವ 58ರ ಬಾಸ್ಕೆಟ್ಟಾಗಲಿ ಪುಡಿ ಒತ್ತುವ ಟ್ಯಾಂಪರ್ ಆಗಲಿ ಇವಕ್ಕೆ ಕೂರುವುದಿಲ್ಲ. ಬಿಡಿಭಾಗ ಕೊಳ್ಳುವ ಮೊದಲು ಅಳೆದು ನೋಡುವುದು ಅಗತ್ಯ.

ಬಳಸಿದ ಯಂತ್ರ ಕೊಳ್ಳುವ ಯೋಚನೆಯೂ ಬಂದಿತ್ತು. ಗಾಜಿಯಾ ಕ್ಲಾಸಿಕ್‌ನಂಥ ಯಂತ್ರಕ್ಕೆ 58 ಮಿಲಿಮೀಟರ್‌ನ ಪೋರ್ಟಾಫಿಲ್ಟರ್ ಇದೆ, ಬಿಡಿಭಾಗ ಸಿಗುತ್ತದೆ, ಬಿಚ್ಚಿ ದುರಸ್ತಿ ಮಾಡುವವರು ಬಹಳ ಮಂದಿ ಇದ್ದಾರೆ. ಕೈಬದಲಾದ ಒಂದು ಯಂತ್ರವನ್ನು ನೋಡಲು ಹೋದಾಗ ಮಾರುವವರು ಅದಕ್ಕೆ ವಿದ್ಯುತ್ ಕೊಟ್ಟು ತೋರಿಸಲು ಹಿಂಜರಿದರು. ನೀರಿನ ತೊಟ್ಟಿಯ ತಳದಲ್ಲಿ ಸುಣ್ಣದ ಬಿಳಿಪೊರೆ ಗಟ್ಟಿಯಾಗಿ ಕೂತಿತ್ತು, ಪೋರ್ಟಾಫಿಲ್ಟರ್ ಸಿಕ್ಕಿಸುವ ಗ್ರೂಪ್ ಎಂಬ ಭಾಗದ ರಬ್ಬರ್ ಗ್ಯಾಸ್ಕೆಟ್ ಉಗುರಿಗೆ ಕಲ್ಲಿನಂತೆ ತಗಲಿತು. ಗ್ಯಾಸ್ಕೆಟ್ ಬದಲಿಸುವುದು ಸಣ್ಣ ಖರ್ಚು. ಆದರೆ ತೊಟ್ಟಿಯಲ್ಲಿ ಅಷ್ಟು ಸುಣ್ಣವಿದ್ದರೆ ಬಾಯ್ಲರ್‌ನೊಳಗೆ ಎಷ್ಟಿದೆಯೆಂದು ಹೊರಗಿನಿಂದ ಹೇಳಲಾಗದು. ನಾನು ಬಿಟ್ಟು ಬಂದೆ. ಬಳಸಿದ್ದನ್ನು ಕೊಳ್ಳುವವರು ಯಂತ್ರ ಪೂರ್ತಿ ಬಿಸಿಯಾಗುವವರೆಗೂ ಅಲ್ಲೇ ಕಾದು, ನೀರು ಗ್ರೂಪ್‌ನಿಂದ ಸಮವಾಗಿ ಬೀಳುತ್ತದೆಯೇ, ಹಬೆಯ ಕೊಳವೆ ಬಂದ್ ಮಾಡಿದ ಮೇಲೂ ತೊಟ್ಟಿಕ್ಕುತ್ತದೆಯೇ, ಸ್ವಿಚ್ ಹಾಕಿದಾಗ ಮನೆಯ ಟ್ರಿಪ್ ಸ್ವಿಚ್ ಬೀಳುತ್ತದೆಯೇ ಎಂದು ನೋಡದೆ ಹಣ ಕೊಡಬಾರದು. ಮೂಲ ಬಿಲ್ಲಿದ್ದರೆ ಕೇಳಿ ಪಡೆಯಬೇಕು. ಅದರಿಂದ ಯಂತ್ರದ ವಯಸ್ಸು ತಿಳಿಯುತ್ತದೆ.

ಮುಂದಿನ ತೊಡಕು ಹಾಲಿನದು. ಮನೆಯಲ್ಲಿ ಇಬ್ಬರಿಗೆ ಕಾಫಿ ಬೇಕು, ಒಬ್ಬರಿಗೆ ಹಾಲಿಲ್ಲದೆ ಆಗದು. ಹಬೆಯಿಂದ ಹಾಲಿಗೆ ನೊರೆ ಬರಿಸಬೇಕೆಂದರೆ ಬಾಯ್ಲರ್ ಅಥವಾ ನೀರನ್ನು ಹಾಯುವಾಗಲೇ ಕಾಯಿಸುವ ಥರ್ಮೊಬ್ಲಾಕ್ ಬೇಕೇಬೇಕು, ಅಲ್ಲಿಗೆ ಕೈಚಾಲಿತ ಯಂತ್ರಗಳಲ್ಲಿ ಬಹುಪಾಲು ಬಿದ್ದುಹೋಗುತ್ತವೆ. ದಿನಕ್ಕೆ ಎಷ್ಟು ಕಪ್ ಹಾಲಿನ ಕಾಫಿ ಎಂದು ಲೆಕ್ಕ ಹಾಕಿದಾಗ, ಒಂದೇ ಕಪ್ಪಿಗಾಗಿ ಬಾಯ್ಲರ್‌ಗೆ ಹಣ ಸುರಿಯುವ ಬದಲು ಬೇರೆಯಾಗಿ ಕೈಯಲ್ಲಿ ಹಿಡಿಯುವ ಸಣ್ಣ ಬ್ಯಾಟರಿ ಕಡೆಗೋಲು ಸಾಕೆಂದು ಒಪ್ಪಿಗೆಯಾಯಿತು. ಹಾಲನ್ನು ಒಲೆಯ ಮೇಲೆ 60–65 ಡಿಗ್ರಿಗೆ ಬಿಸಿಮಾಡಿ ಅದರಿಂದ ಕಡೆದರೆ ಕುಡಿಯಲು ಚೆನ್ನಾಗಿಯೇ ಇರುತ್ತದೆ. ನೊರೆ ಮಾತ್ರ ಹಬೆಯದರಷ್ಟು ನವಿರಾಗಿರುವುದಿಲ್ಲ, ಮೇಲೆ ಚಿತ್ರ ಬಿಡಿಸುವ ಆಸೆ ಇಟ್ಟುಕೊಳ್ಳಬಾರದು. ನಾಲ್ಕೈದು ಮಂದಿ ಹಾಲಿನ ಕಾಫಿ ಕುಡಿಯುವ ಮನೆಯಾಗಿದ್ದರೆ ನನ್ನ ತೀರ್ಮಾನ ಬೇರೆಯೇ ಆಗುತ್ತಿತ್ತು.

ಹಣದ ಮಾತಿಗೆ ಬಂದರೆ, ನಾನು ಇಟ್ಟುಕೊಂಡಿದ್ದ ಮೊತ್ತದ ಸುಮಾರು ಅರ್ಧ ಗ್ರೈಂಡರ್‌ಗೆ ಹೋಯಿತು. ಕೇಳಿದವರೆಲ್ಲ ಹುಬ್ಬೇರಿಸಿದರು. ಬ್ಲೇಡಿನ ಗ್ರೈಂಡರ್ ಬೀಜವನ್ನು ಕಡಿಯುತ್ತದೆ, ಅರೆಯುವುದಿಲ್ಲ. ಅದರ ಪುಡಿಯಲ್ಲಿ ಧೂಳೂ ಇರುತ್ತದೆ, ನುಚ್ಚೂ ಇರುತ್ತದೆ. ಒತ್ತಡದಲ್ಲಿ ಬರುವ ನೀರು ಸಡಿಲವಿದ್ದ ಕಡೆ ದಾರಿ ಮಾಡಿಕೊಂಡು ನುಗ್ಗುತ್ತದೆ. ಆ ದಾರಿಯ ಪುಡಿ ಅತಿಯಾಗಿ ತೊಳೆದು ಕಹಿಯಾಗುತ್ತದೆ, ಉಳಿದ ಪುಡಿ ಸರಿಯಾಗಿ ನೆನೆಯದೆ ಹುಳಿಯಾಗಿ ಉಳಿಯುತ್ತದೆ, ಎರಡೂ ಒಂದೇ ಕಪ್ಪಿಗೆ ಬೀಳುತ್ತವೆ. ಆದ್ದರಿಂದ ಎರಡು ಹಲ್ಲುಚಕ್ರಗಳ ನಡುವೆ ಬೀಜ ಅರೆಯುವ ಬರ್ ಗ್ರೈಂಡರ್ ಬೇಕೇಬೇಕು. ವಿದ್ಯುತ್ ಬರ್ ಗ್ರೈಂಡರ್‌ಗಳಲ್ಲಿ ಎಸ್ಪ್ರೆಸೊಗೆ ಆಗುವಂಥವು ನನ್ನ ಮಿತಿಯಾಚೆ ಇದ್ದವು. ಅದೇ ಗುಣಮಟ್ಟದ ಬರ್ ಕೈಯಲ್ಲಿ ತಿರುಗಿಸುವ ಗ್ರೈಂಡರ್‌ನಲ್ಲಿ ಬಹಳ ಕಡಿಮೆಗೆ ಸಿಗುತ್ತದೆ, ಏಕೆಂದರೆ ಅಲ್ಲಿ ಮೋಟಾರಿಗೆ ಹಣ ಕೊಡಬೇಕಾಗಿಲ್ಲ. ಇಲ್ಲಿಯೂ ಅದೇ ಲೆಕ್ಕ: ಮೋಟಾರಿನ ಕೆಲಸವನ್ನು ನನ್ನ ತೋಳು ವಹಿಸಿಕೊಂಡಿತು.

ಕೈ ಗ್ರೈಂಡರ್ ಆರಿಸುವಾಗ ನೋಡಬೇಕಾದದ್ದು ಒಂದು ಕ್ಲಿಕ್ಕಿಗೆ ಬರ್ ಎಷ್ಟು ಸರಿಯುತ್ತದೆ ಎಂಬುದನ್ನು. ಫಿಲ್ಟರ್‌ಗೋ ಫ್ರೆಂಚ್ ಪ್ರೆಸ್‌ಗೋ ಒಂದೆರಡು ಕ್ಲಿಕ್ ಆಚೀಚೆಯಾದರೆ ನಡೆದೀತು. ಎಸ್ಪ್ರೆಸೊದಲ್ಲಿ ಒಂದೇ ಕ್ಲಿಕ್ ಹಲವು ಸೆಕೆಂಡುಗಳ ವ್ಯತ್ಯಾಸ ತರುತ್ತದೆ. ಕ್ಲಿಕ್ಕಿಗೆ 20 ಮೈಕ್ರಾನ್‌ಗಿಂತ ಕಡಿಮೆ ಸರಿಯುವಂಥದ್ದನ್ನು ಮಾತ್ರ ಪರಿಗಣಿಸಿದೆ. ಎರಡನೆಯ ಪರೀಕ್ಷೆ ಅಲುಗಾಟದ್ದು. ಅಂಗಡಿಯಲ್ಲಿ ಹಿಡಿಕೆಯನ್ನು ಬೆರಳಿನಿಂದ ಅತ್ತಿತ್ತ ತಳ್ಳಿ ನೋಡಿದಾಗ ಒಂದು ಗ್ರೈಂಡರ್‌ನ ನಡುದಂಡ ಸಣ್ಣಗೆ ಕಟಕಟ ಎಂದಿತು, ಇನ್ನೊಂದರ ದಂಡ ಮಿಸುಕಲಿಲ್ಲ. ದಂಡ ಅಲುಗಿದರೆ ಬರ್ ನಡುವಿನ ಅಂತರ ತಿರುವಿಗೊಂದು ರೀತಿ ಆಗುತ್ತದೆ, ಮಿಕ್ಕ ಗುಣಗಳೆಲ್ಲ ವ್ಯರ್ಥ. 18 ಗ್ರಾಂ ಬೀಜವನ್ನು ಎಸ್ಪ್ರೆಸೊ ಹದಕ್ಕೆ ಅರೆಯಲು ನನಗೆ ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುತ್ತದೆ. ತಿಳಿಯಾಗಿ ಹುರಿದ ಬೀಜ ಗಟ್ಟಿಯಾಗಿರುವುದರಿಂದ ಇನ್ನೂ ಹೆಚ್ಚು, ಕೈಯೂ ಸೋಲುತ್ತದೆ. ಮಣಿಕಟ್ಟಿನ ನೋವಿರುವವರು ಈ ದಾರಿ ಹಿಡಿಯುವ ಮೊದಲು ಯಾರದ್ದಾದರೂ ಗ್ರೈಂಡರ್ ಕೇಳಿ ಪಡೆದು ತಿರುಗಿಸಿ ನೋಡುವುದು ಮೇಲು.

ಗ್ರೈಂಡರ್ ಮನೆಗೆ ಬಂದ ಮೇಲೆಯೇ ಯಂತ್ರದ ಪಟ್ಟಿ ಗಂಭೀರವಾಯಿತು. ಕೈಯಿಂದ ಒತ್ತುವ ಯಂತ್ರವೆಂದರೆ ಬಡವರ ಪಾಲಿನ ಬದಲಿ ವ್ಯವಸ್ಥೆ ಎಂದು ಹೇಳುವವರಿದ್ದಾರೆ, ಇತಿಹಾಸ ಹಾಗಿಲ್ಲ. ಇಟಲಿಯ ಅಕಿಲೆ ಗಾಜಿಯಾ 1938ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, ಯುದ್ಧ ಮುಗಿದ ಮೇಲೆ ಮಾರುಕಟ್ಟೆಗೆ ತಂದ ಪಿಸ್ಟನ್ ಯಂತ್ರಗಳಿಂದಲೇ ಕಪ್ಪಿನ ಮೇಲೆ ಕ್ರೆಮಾ ಎಂಬ ಕಂದು ನೊರೆ ಕಾಣಿಸಿಕೊಂಡದ್ದು. ವಿದ್ಯುತ್ ಪಂಪು ಬಳಸಿದ ಫೇಮಾ ಇ61 ಬಂದದ್ದು 1961ರಲ್ಲಿ. ಅದೇ ವರ್ಷ ಮನೆಬಳಕೆಗೆಂದು ಬಂದ ಲಾ ಪಾವೋನಿಯ ಯೂರೋಪಿಕೋಲಾ ಸನ್ನೆ (ಲಿವರ್) ಯಂತ್ರ ಇಂದಿಗೂ ತಯಾರಾಗುತ್ತಿದೆ. ಅದು ನೋಡಲು ಬಲು ಚೆಂದ, ಬಾಯ್ಲರ್ ಇರುವುದರಿಂದ ಹಬೆಯೂ ಸಿಗುತ್ತದೆ. ಆದರೆ ಬಾಯ್ಲರ್‌ನ ಬಿಸಿ ಗ್ರೂಪ್‌ಗೆ ಏರಿ ಎರಡು ಮೂರು ಶಾಟ್ (ಒಂದು ಸಲಕ್ಕೆ ಇಳಿಸುವ ಎಸ್ಪ್ರೆಸೊ) ಕಳೆಯುವಷ್ಟರಲ್ಲಿ ಅತಿಯಾಗುತ್ತದೆ, ಅದನ್ನು ಹದದಲ್ಲಿಡುವುದೇ ಒಂದು ವಿದ್ಯೆ. ಕಲಿಯುವವನಿಗೂ ಅದು ಸಲ್ಲದು, ನನ್ನ ಹಣಕ್ಕೂ ಸಿಗದು.

ಉಳಿದದ್ದು ಬಾಯ್ಲರ್ ಇಲ್ಲದವು. ನೀರನ್ನು ಕೆಟಲ್‌ನಲ್ಲಿ ಕಾಯಿಸಿ ಸುರಿಯಬೇಕು, ಒತ್ತಡವನ್ನು ಕೈಯಿಂದ ಕೊಡಬೇಕು. ಫ್ಲೇರ್ ಬಗೆಯವುಗಳಲ್ಲಿ ಒಂದೇ ಉದ್ದನೆಯ ಹಿಡಿಕೆ ಇರುತ್ತದೆ, ನೀರು ಹಿಡಿಯುವ ಲೋಹದ ಸಿಲಿಂಡರನ್ನು ಮೊದಲೇ ಬಿಸಿಮಾಡಿಕೊಳ್ಳಬೇಕು. ಕಾಫೆಲಾಟ್ ರೋಬೋಟ್‌ನಲ್ಲಿ ಎರಡು ತೋಳುಗಳನ್ನು ಕೆಳಕ್ಕೆ ಒತ್ತಬೇಕು. ಅದರ ಆಳವಾದ ಬಾಸ್ಕೆಟ್‌ಗೇ ನೀರು ಸುರಿಯುವುದರಿಂದ ಮುಂಚೆ ಬಿಸಿಮಾಡುವ ಗೋಜು ಕಡಿಮೆ. ವಕಾಕೋ ಪಿಕೋಪ್ರೆಸೊ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಪ್ರಯಾಣಕ್ಕೆ ಹೇಳಿಮಾಡಿಸಿದ್ದು, ಆದರೆ ಅದುಮುವ ಗುಂಡಿಯನ್ನು ಪದೇ ಪದೇ ಒತ್ತುವುದು ಬೆಳಗಿನ ಹೊತ್ತು ಎಲ್ಲರಿಗೂ ಹಿತವಲ್ಲ. ಇವುಗಳಲ್ಲಿ ಬಹುಪಾಲು ಮಾದರಿಗಳಿಗೆ ವಿದ್ಯುತ್ ಭಾಗಗಳಿಲ್ಲ, ಯಾವುದಕ್ಕೂ ಸುಣ್ಣ ಕಟ್ಟುವ ಬಾಯ್ಲರ್ ಇಲ್ಲ, ಕೆಟ್ಟರೆ ಹೆಚ್ಚಾಗಿ ಕೆಡುವುದು ರಬ್ಬರ್ ಉಂಗುರಗಳೇ. ಈ ಒಂದು ಗುಣ ನನ್ನನ್ನು ಪೂರ್ತಿಯಾಗಿ ಒಲಿಸಿತು.

ಒತ್ತಲು ಎಷ್ಟು ಬಲ ಬೇಕು ಎಂಬ ಅಳುಕು ಇತ್ತು, ಕೂತು ಲೆಕ್ಕ ಹಾಕಿದೆ. 9 ಬಾರ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ 9 ಕಿಲೋಗ್ರಾಂಗಿಂತ ತುಸು ಹೆಚ್ಚಿನ ಭಾರ. 58 ಮಿಲಿಮೀಟರ್ ವ್ಯಾಸದ ಪಿಸ್ಟನ್‌ನ ವಿಸ್ತೀರ್ಣ 26 ಚದರ ಸೆಂಟಿಮೀಟರ್‌ನಷ್ಟಿರುವುದರಿಂದ ಅದರ ಮೇಲೆ ಸುಮಾರು 240 ಕಿಲೋ ಭಾರ ಬೀಳಬೇಕು. 46 ಮಿಲಿಮೀಟರ್ ಆದರೆ 150, 40 ಆದರೆ 115. ಸನ್ನೆಯ ಉದ್ದ ಇದನ್ನು ಕೈಯಲ್ಲಿ ಒತ್ತಬಹುದಾದ ಮಟ್ಟಕ್ಕೆ ಇಳಿಸುತ್ತದೆ, ಆದರೂ ಪಿಸ್ಟನ್ ಅಗಲವಾದಷ್ಟೂ ತೋಳಿನ ಮೇಲೆ ಹೊರೆ ಹೆಚ್ಚು ಅಥವಾ ಹಿಡಿಕೆ ಉದ್ದ ಎಂಬುದು ಖಚಿತ. ಪರಿಚಿತರೊಬ್ಬರ ಮನೆಯಲ್ಲಿ ಎರಡು ಬಗೆಯದನ್ನೂ ಒತ್ತಿ ನೋಡುವ ಅವಕಾಶ ಸಿಕ್ಕಿತು. ಅಲ್ಲಿ ತಿಳಿದದ್ದು, ತೋಳಿನ ಬಲಕ್ಕಿಂತ ಕಟ್ಟೆಯ ಎತ್ತರ ಮುಖ್ಯವೆಂದು. ಹಿಡಿಕೆ ಎದೆಮಟ್ಟದಲ್ಲಿದ್ದರೆ ಭುಜದಿಂದ ಒತ್ತಬೇಕಾಗುತ್ತದೆ, ಸೊಂಟದ ಮಟ್ಟದ ಮೇಜಿನ ಮೇಲಿದ್ದರೆ ಮೈಭಾರವೇ ಕೆಲಸ ಮಾಡುತ್ತದೆ. ಮನೆಗೆ ಬಂದು, ಎತ್ತಿದ ಹಿಡಿಕೆಯ ತುದಿ ಎಲ್ಲಿಗೆ ಬರುತ್ತದೆಂದು ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ ನೋಡಿದರೆ ಅದು ಮೇಲಿನ ಕಪಾಟಿನ ಬಾಗಿಲಿಗೆ ತಾಗುವಂತಿತ್ತು. ಯಂತ್ರವನ್ನು ಕಟ್ಟೆಯ ಮೇಲಲ್ಲ, ಪಕ್ಕದ ತಗ್ಗಾದ ಮೇಜಿನ ಮೇಲೆ ಇಡುವುದೆಂದು ಕೊಳ್ಳುವ ಮೊದಲೇ ಗೊತ್ತಾಯಿತು. ಮೇಜು ಹಗುರವಾಗಿದ್ದರೆ ಒತ್ತುವಾಗ ಸರಿಯುತ್ತದೆ; ಕಾಲುಗಳ ಕೆಳಗೆ ರಬ್ಬರ್ ತುಂಡು ಬೇಕಾಗುತ್ತದೆ.

ಕೊನೆಗೆ ಆರಿಸಿದ್ದು ಒಂದೇ ಹಿಡಿಕೆಯ, 46 ಮಿಲಿಮೀಟರ್ ಬಾಸ್ಕೆಟ್ಟಿನ, ಪ್ರೆಶರ್ ಗೇಜ್ ಇರುವ ಬಗೆಯದು. ಗೇಜ್ ಇಲ್ಲದ ಮಾದರಿ ಸಾಕಷ್ಟು ಅಗ್ಗವಿತ್ತು. ಆದರೂ ಕಲಿಯುವ ಕಾಲದಲ್ಲಿ ಗೇಜ್ ಇಲ್ಲದಿದ್ದರೆ ಕೈ ಎಷ್ಟು ಒತ್ತುತ್ತಿದೆ ಎಂಬುದು ತಿಳಿಯುವುದೇ ಇಲ್ಲ, ಹಾಗಾಗಿ ಬೇರೆ ಎಲ್ಲ ಅಲಂಕಾರ ಬಿಟ್ಟು ಅದಕ್ಕೆ ಮಾತ್ರ ಹೆಚ್ಚು ಕೊಡಲು ಒಪ್ಪಿದೆ. ಮಾದರಿಯ ಹೆಸರು ಬರೆಯದಿರುವುದಕ್ಕೆ ಕಾರಣ, ಮುಂದೆ ಹೇಳಲಿರುವ ಕಿರಿಕಿರಿ ತಯಾರಕರದ್ದಲ್ಲ, ಮಾರಾಟಗಾರರದ್ದು.

ಹಣ ಕಟ್ಟಿದ ಮೇಲೆ ಕಾಯುವ ಪರ್ವ ಶುರುವಾಯಿತು. ದಾಸ್ತಾನು ಇದೆಯೆಂದು ಹೇಳಿ ಹಣ ಪಡೆದವರು, ಆಮೇಲೆ ಮುಂದಿನ ಸರಕು ಬಂದ ನಂತರ ಕಳಿಸುವುದಾಗಿ ತಿಳಿಸಿದರು. ಎರಡು ಮೂರು ಸಲ ದಿನಾಂಕ ಮುಂದಕ್ಕೆ ಹೋಯಿತು. ರದ್ದುಮಾಡಿ ಹೊರದೇಶದಿಂದ ನೇರವಾಗಿ ತರಿಸಿಕೊಳ್ಳೋಣವೆಂದು ಲೆಕ್ಕ ಮಾಡಿದರೆ ಸಾಗಣೆ ವೆಚ್ಚ, ಆಮದು ಸುಂಕ, ಅದರ ಮೇಲಿನ ತೆರಿಗೆ ಸೇರಿ ಉಳಿತಾಯವೆಲ್ಲ ಕರಗುತ್ತಿತ್ತು. ಮೇಲಾಗಿ ಬೇರೆ ದೇಶದಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಸಿಗುವ ಭರವಸೆ ಇರಲಿಲ್ಲ. ಕಾಯುವುದೇ ಸರಿಯೆಂದು ಕಾದೆ. ಈ ಹಂತದಲ್ಲಿರುವವರು ಮೂರು ಸಂಗತಿಗಳನ್ನು ಬರವಣಿಗೆಯಲ್ಲಿಯೇ ಕೇಳಿ ಪಡೆಯಬೇಕು: ವಾರಂಟಿ ಎಷ್ಟು ಕಾಲ ಮತ್ತು ರಬ್ಬರ್ ಭಾಗಗಳಿಗೆ ಅದು ಅನ್ವಯಿಸುತ್ತದೆಯೇ, ಗ್ಯಾಸ್ಕೆಟ್ ಮತ್ತು ಓ-ರಿಂಗ್ ಬಿಡಿಯಾಗಿ ಅವರಲ್ಲೇ ಸಿಗುತ್ತವೆಯೇ, ಹಿಂದಿರುಗಿಸುವುದಾದರೆ ಸಾಗಣೆಯ ಖರ್ಚು ಯಾರದ್ದು. ಫೋನಿನಲ್ಲಿ ಕೊಟ್ಟ ಮಾತು ನಂತರ ಯಾರಿಗೂ ನೆನಪಿರುವುದಿಲ್ಲ.

ಪೆಟ್ಟಿಗೆ ಬಂದಾಗ ಅಂಟುಪಟ್ಟಿಯನ್ನು ಒಮ್ಮೆ ಬಿಚ್ಚಿ ಮತ್ತೆ ಅಂಟಿಸಿದ ಗುರುತಿತ್ತು. ಅದಕ್ಕೇ ತೆರೆಯುವುದನ್ನು ಮೊದಲಿನಿಂದ ಕೊನೆಯವರೆಗೆ ಫೋನಿನಲ್ಲಿ ಚಿತ್ರೀಕರಿಸಿದೆ. ಒಳಗೆ ಎಲ್ಲವೂ ಫೋಮಿನ ಅಚ್ಚಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದರೂ ಗೇಜ್ ಇರಬೇಕಾದ ಗುಂಡನೆಯ ಗುಳಿ ಖಾಲಿ. ಮೊದಲು ಬಂದ ಉತ್ತರ, ಗೇಜ್ ಬೇರೆಯಾಗಿ ಕೊಳ್ಳಬೇಕಾದ ವಸ್ತು ಎಂದು. ಬಿಲ್ಲಿನಲ್ಲಿ ಮಾದರಿಯ ಪೂರ್ತಿ ಹೆಸರಿತ್ತು, ಪೆಟ್ಟಿಗೆಯ ಮೇಲಿನ ಭಾಗಗಳ ಪಟ್ಟಿಯಲ್ಲಿ ಗೇಜ್ ಇತ್ತು, ಚಿತ್ರೀಕರಣದಲ್ಲಿ ಖಾಲಿ ಗುಳಿಯಿತ್ತು. ಮೂರನ್ನೂ ಒಟ್ಟಿಗೆ ಕಳಿಸಿದ ಮೇಲೆ ಧಾಟಿ ಬದಲಾಯಿತು, ಕೆಲವು ವಾರಗಳಲ್ಲಿ ಗೇಜ್ ಬಂತು. ಈ ನಡುವೆ ಯಂತ್ರ ಕಣ್ಣೆದುರಿಗಿದ್ದೂ ಬಳಸಲಾಗದೆ ಪಟ್ಟ ಚಡಪಡಿಕೆ ಸಣ್ಣದಲ್ಲ. ಗೇಜಿನ ಜಾಗ ಮುಚ್ಚದೆ ನೀರು ಒತ್ತಿದರೆ ಅಲ್ಲಿಂದಲೇ ಚಿಮ್ಮುತ್ತದೆ.

ಆ ಬಿಡುವಿನಲ್ಲಿ ಸಣ್ಣಪುಟ್ಟ ಖರ್ಚುಗಳನ್ನು ಮುಗಿಸಿದೆ. 0.1 ಗ್ರಾಂವರೆಗೆ ತೋರಿಸುವ ತೂಕದ ಯಂತ್ರ ಬೇಕೇಬೇಕು. ಪುಡಿಯನ್ನು ಸಮನಾಗಿ ಒತ್ತುವ ಟ್ಯಾಂಪರ್ ಯಂತ್ರದ ಜೊತೆ ಬಂದದ್ದೇ ಸಾಕಾಯಿತು. ಬಾಸ್ಕೆಟ್ಟಿನ ಪುಡಿಯ ಗಂಟುಗಳನ್ನು ಬಿಡಿಸಲು ತೆಳುವಾದ ಸೂಜಿಗಳ ಒಂದು ಹಿಡಿಕೆ ಮಾರುತ್ತಾರೆ. ಈ ವಿಧಾನಕ್ಕೆ ಡಬ್ಲ್ಯೂಡಿಟಿ ಎನ್ನುತ್ತಾರೆ, ಬಾಟಲಿಯ ಬಿರಡೆಗೆ ಸಣ್ಣ ಸೂಜಿಗಳನ್ನು ಚುಚ್ಚಿಕೊಂಡರೆ ಖರ್ಚೇ ಇಲ್ಲ. ಬಳಸಿದ ಪುಡಿ ಬಡಿದು ಹಾಕುವ ಡಬ್ಬ, ಪುಡಿ ಸುರಿಯುವ ಕಾಂತದ ಆಲಿಕೆ, ಬಣ್ಣಬಣ್ಣದ ಚಾಪೆ ಇವಾವುವೂ ಮೊದಲ ವರ್ಷ ಬೇಡ. ಕೆಟಲ್ ಮಾತ್ರ ತಾಪ ತೋರಿಸುವಂಥದ್ದಿದ್ದರೆ ಒಳ್ಳೆಯದು, ಇಲ್ಲದಿದ್ದರೂ ಕುದಿಯುವ ನೀರಿನಿಂದಲೇ ಶುರುಮಾಡಬಹುದು. ಏಕೆಂದರೆ ಈ ಬಗೆಯ ಯಂತ್ರದಲ್ಲಿ ನೀರು ಅತಿ ಬಿಸಿಯಾಗುವ ಭಯಕ್ಕಿಂತ ತಣ್ಣಗಾಗುವ ಭಯವೇ ಹೆಚ್ಚು.

ಈ ತಣ್ಣಗಾಗುವಿಕೆಯನ್ನು ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ನನ್ನ ಯಂತ್ರದ ಉಕ್ಕಿನ ಸಿಲಿಂಡರ್ ಸುಮಾರು 400 ಗ್ರಾಂ ತೂಗುತ್ತದೆ, ಒಂದು ಶಾಟಿಗೆ ಸುರಿಯುವ ನೀರು ಸುಮಾರು 60 ಗ್ರಾಂ. ಬಿಸಿ ಹಿಡಿಯುವ ವಿಷಯದಲ್ಲಿ ಉಕ್ಕು ನೀರಿನ ಎಂಟರಲ್ಲೊಂದು ಪಾಲು, ಅಂದರೆ ಆ ಸಿಲಿಂಡರ್ ಹೆಚ್ಚುಕಡಿಮೆ 50 ಗ್ರಾಂ ನೀರಿಗೆ ಸಮ. 25 ಡಿಗ್ರಿಯಲ್ಲಿರುವ ಸಿಲಿಂಡರಿಗೆ 95 ಡಿಗ್ರಿಯ ನೀರು ಸುರಿದರೆ ಎರಡೂ ಸೇರಿ ನಿಲ್ಲುವುದು 63 ಡಿಗ್ರಿಯ ಆಸುಪಾಸಿನಲ್ಲಿ! ಅದೇ ಸಿಲಿಂಡರನ್ನು ಮೊದಲೇ 85ಕ್ಕೆ ತಂದಿಟ್ಟುಕೊಂಡರೆ ನೀರು 90 ಡಿಗ್ರಿಯಲ್ಲಿ ಉಳಿಯುತ್ತದೆ. ಮೊದಮೊದಲ ಶಾಟ್‌ಗಳು ಮುಖ ಹಿಂಡುವಷ್ಟು ಹುಳಿಯಾಗಿದ್ದಾಗ ಪುಡಿಯ ಹದವನ್ನು ದೂರುವ ಮೊದಲು ಈ ಲೆಕ್ಕ ನೆರವಿಗೆ ಬಂತು. ಈಗ ಕೆಟಲ್‌ನ ಬಾಯಿಯ ಮೇಲೆ ಸಿಲಿಂಡರನ್ನು ಕೂರಿಸಿ ಹಬೆಯಲ್ಲಿ ಬಿಸಿಮಾಡುತ್ತೇನೆ. ಮೊದಲು ಹೊರಮೈ ಬೆವರಿ ಹನಿಗಟ್ಟುತ್ತದೆ, ಆಮೇಲೆ ಹನಿಗಳು ತಾವಾಗಿ ಆರಿ ಲೋಹ ಒಣಗಿ ಕಾಣುತ್ತದೆ. ಒಣಗಿತೆಂದರೆ ಬಿಸಿ ಸಾಕಷ್ಟು ಏರಿದೆ ಎಂದರ್ಥ. ತೆಗೆಯಲು ದಪ್ಪ ಬಟ್ಟೆ ಬೇಕು, ಬರಿಗೈ ಸಲ್ಲದು.

ಹದ ಕೂಡಿಸುವ ಕೆಲಸ ಇನ್ನೊಂದು ಅಧ್ಯಾಯ. ನೆಚ್ಚಿಕೊಂಡ ನಿಯಮ ಒಂದೇ: ಪುಡಿಯ ತೂಕ, ನೀರಿನ ಬಿಸಿ ಮತ್ತು ಇಳಿಯುವ ಪಾನೀಯದ ತೂಕ ಮೂರನ್ನೂ ಸ್ಥಿರವಾಗಿಟ್ಟು ಗ್ರೈಂಡರ್‌ನ ಕ್ಲಿಕ್ ಮಾತ್ರ ಬದಲಿಸುವುದು. ನನ್ನ ಬಾಸ್ಕೆಟ್ ಚಿಕ್ಕದಾದ್ದರಿಂದ 16 ಗ್ರಾಂ ಪುಡಿಗೆ 32 ಗ್ರಾಂ ಎಂದು ಇಟ್ಟುಕೊಂಡೆ. ಪಾನೀಯ ಸರ್ರನೆ ಸುರಿದು, ಗೇಜಿನ ಮುಳ್ಳು ಮೇಲೇಳದೆ, ರುಚಿ ಹುಳಿಯಾಗಿ ನೀರುನೀರಾಗಿದ್ದರೆ ಪುಡಿ ಇನ್ನೂ ನುಣುಪಾಗಬೇಕು. ಹಿಡಿಕೆ ಕಲ್ಲಿನಂತೆ ನಿಂತು, ಹನಿ ಹನಿಯಾಗಿ ಬಿದ್ದು, ನಾಲಿಗೆಗೆ ಕಹಿ ಮತ್ತು ಒಗರು ಹತ್ತಿದರೆ ತುಸು ದಪ್ಪವಾಗಬೇಕು. ಕೈಯಂತ್ರದ ಹೆಚ್ಚುಗಾರಿಕೆ ಇಲ್ಲಿಯೇ: ಪುಡಿ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂಬುದು ಪಾನೀಯ ಕಾಣಿಸಿಕೊಳ್ಳುವ ಮೊದಲೇ ಅಂಗೈಗೆ ತಿಳಿದುಬಿಡುತ್ತದೆ. ಮೊದಲು ಒಂದೆರಡು ಬಾರ್‌ನಲ್ಲಿ ಹತ್ತು ಸೆಕೆಂಡಿನಷ್ಟು ನಿಲ್ಲಿಸಿ ಪುಡಿ ನೆನೆಯಲು ಬಿಟ್ಟು, ನಂತರ ಏರಿಸಿ, ಕೊನೆಯಲ್ಲಿ ಮೆಲ್ಲಗೆ ಇಳಿಸಿದರೆ ಪುಡಿಯ ನಡುವೆ ಬಿರುಕು ಬೀಳುವುದು ಕಡಿಮೆ. 9 ಬಾರ್ ಮುಟ್ಟಲೇಬೇಕೆಂಬ ಹಟವೂ ಬೇಡ. 6–7 ಬಾರ್‌ನಲ್ಲಿ ನನಗೆ ಹೆಚ್ಚು ಇಷ್ಟವಾದ ಕಪ್‌ಗಳು ಬಂದಿವೆ.

ಬೀಜದ ವಿಚಾರದಲ್ಲಿ ಹುರಿದ ದಿನಾಂಕ ಅಚ್ಚಾಗಿರುವ ಪೊಟ್ಟಣವನ್ನೇ ಕೊಳ್ಳಬೇಕು. ಹುರಿದ ಕೂಡಲೇ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುವುದರಿಂದ ಒಂದು ವಾರದಷ್ಟು ಬಿಟ್ಟು ಬಳಸಿದರೆ ಶಾಟ್ ಹದಕ್ಕೆ ಬರುತ್ತದೆ. ತಿಂಗಳು ಮೀರಿದರೆ ಕ್ರೆಮಾ ತೆಳುವಾಗಿ ರುಚಿ ಸಪ್ಪೆಯಾಗುತ್ತದೆ. ಕಲಿಯುವಾಗ ಮಧ್ಯಮಕ್ಕಿಂತ ತುಸು ಕಡುವಾಗಿ ಹುರಿದದ್ದು ಅನುಕೂಲ. ಅದು ಸುಲಭವಾಗಿ ಸಾರ ಬಿಡುತ್ತದೆ, ನೀರು 88–90 ಡಿಗ್ರಿಗೆ ಇಳಿದರೂ ಕೆಡುವುದಿಲ್ಲ. ತಿಳಿಯಾಗಿ ಹುರಿದ ದುಬಾರಿ ಬೀಜಕ್ಕೆ ಇನ್ನೂ ಬಿಸಿ ನೀರು, ಇನ್ನೂ ನುಣುಪಾದ ಪುಡಿ ಬೇಕು. ಎರಡೂ ಈ ಬಗೆಯ ಯಂತ್ರಕ್ಕೆ ಕಷ್ಟವೇ. ಹದ ಸಿಗುವವರೆಗೆ ಒಂದೇ ಬೀಜಕ್ಕೆ ಅಂಟಿಕೊಳ್ಳಬೇಕು, ಪೊಟ್ಟಣ ಬದಲಾದರೆ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ. ಕಲಿಕೆಯಲ್ಲಿ ಒಂದೆರಡು ಪೊಟ್ಟಣ ಚರಂಡಿಗೆ ಹೋಗುತ್ತದೆಂದು ಮೊದಲೇ ಖರ್ಚಿನಲ್ಲಿ ಸೇರಿಸಿಕೊಂಡಿರುವುದು ಜಾಣತನ.

ಈಗ ನೀರು ಕಾಯಿಸುವುದರಿಂದ ತೊಳೆದಿಡುವವರೆಗೆ ಒಂದು ಕಪ್ಪಿಗೆ ಹತ್ತು ನಿಮಿಷ ಹಿಡಿಯುತ್ತದೆ. ಎರಡನೆಯ ಕಪ್ಪಿಗೆ ಸಿಲಿಂಡರ್ ಬಿಸಿಯಾಗಿಯೇ ಇರುವುದರಿಂದ ಅರ್ಧ ಸಮಯ ಸಾಕು, ಆದರೆ ಬಿಸಿ ಲೋಹವನ್ನು ಬಿಚ್ಚಿ, ಒದ್ದೆ ಪುಡಿ ತಳ್ಳಿ, ಮತ್ತೆ ತುಂಬುವುದು ನೆಂಟರು ಮನೆಯಲ್ಲಿ ಕಾಯುತ್ತಿರುವಾಗ ಸಲೀಸಲ್ಲ. ನಾಲ್ಕು ಮಂದಿ ಬಂದ ದಿನ ನಾನು ಈಗಲೂ ಮೋಕಾ ಪಾಟ್ ಹಚ್ಚುತ್ತೇನೆ. ಗಡಿಬಿಡಿಯಲ್ಲಿ ಕೆಲಸಕ್ಕೆ ಹೊರಡುವವರು ಈ ಹತ್ತು ನಿಮಿಷವನ್ನು ಬೆಲೆಯ ಜೊತೆಗೇ ಕೂಡಿಸಿ ನೋಡಬೇಕು. ಅವರಿಗೆ ಸಣ್ಣ ಥರ್ಮೊಬ್ಲಾಕ್ ಯಂತ್ರ, ಒಂದೇ ಗೋಡೆಯ ಬಾಸ್ಕೆಟ್, ಇದೇ ಕೈ ಗ್ರೈಂಡರ್ ಎಂಬ ಜೋಡಣೆ ಹೆಚ್ಚು ಒಗ್ಗೀತು. ಒಟ್ಟು ಖರ್ಚು ನನ್ನದಕ್ಕಿಂತ ಹೆಚ್ಚೇನೂ ಆಗುವುದಿಲ್ಲ.

ನಿರ್ವಹಣೆ ಸುಲಭವಿದೆ. ಪ್ರತಿಸಲ ಬಿಸಿನೀರಿನಲ್ಲಿ ತೊಳೆದು ಒರೆಸಿಡುವುದು, ಪಿಸ್ಟನ್ ಚಲಿಸುವಾಗ ಕಿರುಗುಟ್ಟಿದರೆ ಉಂಗುರಕ್ಕೆ ಆಹಾರದರ್ಜೆಯ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರುವುದು, ಇಷ್ಟೆ. ಅಡುಗೆ ಎಣ್ಣೆ ಸವರಬಾರದು, ಅದು ಕಮಟು ಹಿಡಿದು ಜಿಗುಟಾಗುತ್ತದೆ. ಉಂಗುರ ಹರಿಯುವವರೆಗೆ ಕಾಯದೆ ಒಂದು ಜೊತೆಯನ್ನು ಮೊದಲೇ ತರಿಸಿಟ್ಟುಕೊಂಡಿದ್ದೇನೆ. ಯಂತ್ರಕ್ಕೇ ಅಷ್ಟು ಕಾಯಿಸಿದ ಮಾರಾಟಗಾರರು ಉಂಗುರವನ್ನು ಮಾತ್ರ ಮರುದಿನವೇ ಕಳಿಸಿದರು. ಬಿಲ್ಲು ಎರಡು ಪ್ರತಿ ಬಂತು.